ರಿಫರ್ಬಿಶ್ಡ್ ಡೆಲ್ ಆಪ್ಟಿಪ್ಲೆಕ್ಸ್ 3060: ಉಡುಪಿಯ ಮೂರು ಮಳೆಗಾಲ ಕಳೆದ ಮೇಲೆ

2023ರ ಮೇ ಕೊನೆಯ ವಾರ, ಶಾಲೆ ಶುರುವಾಗುವ ಮೊದಲು, ಮನೆಗೆ ಒಂದು ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಪಡಿಸಿ ಮಾರುವ, ಡೆಸ್ಕ್‌ಟಾಪ್ ತಂದೆವು. ಡೆಲ್ ಆಪ್ಟಿಪ್ಲೆಕ್ಸ್ 3060, ಚಿಕ್ಕ ಕ್ಯಾಬಿನೆಟ್ಟಿನದು. ಇಂಟೆಲ್ ಐ5-8500 ಪ್ರೊಸೆಸರ್, 8 ಜಿಬಿ ರ‍್ಯಾಮ್, ಫೈಲುಗಳನ್ನು ಇಡಲು 256 ಜಿಬಿ ಎಸ್‌ಎಸ್‌ಡಿ. ಕೀಬೋರ್ಡ್, ಮೌಸ್ ಸೇರಿ 16,500 ರೂಪಾಯಿ. ಅದೇ ಅಂಗಡಿಯಲ್ಲಿ ಬಳಸಿದ 22 ಇಂಚಿನ ಮಾನಿಟರಿಗೆ 3,800. ಹೊಸ ಯುಪಿಎಸ್‌ಗೆ 2,900, ವೈಫೈ ಡಾಂಗಲ್‌ಗೆ 450. ಒಟ್ಟು 23,650 ರೂಪಾಯಿ ಆಯಿತು.

ತಂದ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಮರುವರ್ಷದ ಜುಲೈಯಲ್ಲಿ ಬರೆದಿದ್ದರೆ ಒಂದೇ ಒಂದು. ಈಗ ಎರಡು ವರ್ಷ ಎಂಟು ತಿಂಗಳಾಯಿತು. ಯಾವುದು ಬಾಳುತ್ತದೆ, ಯಾವುದು ಕೈಕೊಡುತ್ತದೆ ಎಂದು ಈಗ ಧೈರ್ಯದಿಂದ ಹೇಳಬಲ್ಲೆ.

ನಮ್ಮದು ಮಲ್ಪೆ ಹತ್ತಿರದ ಕೊಡವೂರು. ನಾನು ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮಗಳು ಆಗ ಎಂಟನೇ ತರಗತಿ, ಈಗ ಎಸ್‌ಎಸ್‌ಎಲ್‌ಸಿ. ಮಗ ಆಗ ಮೂರನೇ ತರಗತಿ. ಕೊರೋನಾ ಕಾಲದಲ್ಲಿ ಫೋನ್ ಹಿಡಿದು ಪಾಠ ಕೇಳಿದ ಮಕ್ಕಳು ಆಮೇಲೂ ಫೋನ್ ಬಿಡಲಿಲ್ಲ. ಪ್ರಾಜೆಕ್ಟ್, ವಿಡಿಯೋ, ಪಾಠಪುಸ್ತಕದ ಪಿಡಿಎಫ್, ಎಲ್ಲವೂ ಅಂಗೈ ಅಗಲದ ಪರದೆಯಲ್ಲಿ, ಕತ್ತು ಬಗ್ಗಿಸಿಕೊಂಡು. ನನಗೂ ಪ್ರಶ್ನೆಪತ್ರಿಕೆ ಟೈಪ್ ಮಾಡುವುದು, ಶಿಕ್ಷಣ ಇಲಾಖೆಯ ಸ್ಯಾಟ್ಸ್ ವೆಬ್‌ಸೈಟಿನಲ್ಲಿ ಅಂಕ ತುಂಬಿಸುವುದು ಇವೆಲ್ಲ ರಾತ್ರಿ ಮನೆಯಲ್ಲೇ ಆಗಬೇಕಿತ್ತು. ಚಾವಡಿಯಲ್ಲಿ, ಎಲ್ಲರ ಕಣ್ಣೆದುರು ಇರುವ ಒಂದು ಕಂಪ್ಯೂಟರ್ ಬೇಕೆಂದು ನಾನು ಹಟ ಹಿಡಿದೆ. ಹೊಸದಕ್ಕೆ ನಲವತ್ತು ಸಾವಿರದ ಮೇಲೆ ಹೇಳಿದ್ದರಿಂದ ರಿಫರ್ಬಿಶ್ಡ್ ಕಡೆ ತಿರುಗಿದೆವು.

ಉಡುಪಿಯಲ್ಲಿ ಎರಡು ಅಂಗಡಿ ನೋಡಿ, ಮನಸ್ಸಿಗೆ ಬಂದದ್ದು ಸಿಗದೆ ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ ಹತ್ತಿದೆವು. ಹಂಪನಕಟ್ಟೆ ಸುತ್ತಮುತ್ತ ಇಡೀ ದಿನ ತಿರುಗಾಟ. ಅಂಗಡಿಗೆ ಬರುವ ಈ ಮಷೀನುಗಳು ಹೆಚ್ಚಾಗಿ ಬೆಂಗಳೂರಿನಂಥ ಊರುಗಳ ಕಂಪನಿಗಳಲ್ಲಿ ದುಡಿದಂಥವು. ಲೀಸ್ ಅಥವಾ ವಾರಂಟಿ ಮುಗಿದ ಕೂಡಲೇ ಕಂಪನಿಗಳು ಅವನ್ನು ಲಾಟ್ ಲೆಕ್ಕದಲ್ಲಿ ಮಾರಿಬಿಡುತ್ತವೆ. ಎಸಿ ಕೋಣೆಯಲ್ಲಿ ಮೂರ್ನಾಲ್ಕು ವರ್ಷ ಕಳೆದ ಗಟ್ಟಿ ಮಷೀನುಗಳು. ಹಾಗಾಗಿಯೇ ಇವುಗಳ ಮೇಲೆ ನನಗೆ ಭರವಸೆ ಇದ್ದದ್ದು.

ಮೊದಲ ಅಂಗಡಿಯವರು ಎದುರಿಟ್ಟದ್ದು ಐ7. “ಟೀಚರೇ, ಐ5ಗಿಂತ ಐ7 ದೊಡ್ಡದಲ್ವಾ? ರೇಟು ಸೇಮ್ ಉಂಟು, ಇದನ್ನೇ ತಗೊಳ್ಳಿ” ಎಂದರು. ಬೆಂಗಳೂರಿನಲ್ಲಿರುವ ತಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ. “ಅಕ್ಕ, ಮೂರು ಐದು ಏಳು ನೋಡ್ಬೇಡ. ಗೆರೆ ಆದ್ಮೇಲೆ ಬರುವ ನಂಬರ್ ಓದು” ಎಂದ. ಓದಿದೆ, 4770. ನಾಲ್ಕರಿಂದ ಶುರುವಾದರೆ ನಾಲ್ಕನೇ ಪೀಳಿಗೆ, 8500 ಇದ್ದರೆ ಎಂಟನೆಯದು, 10400 ಇದ್ದರೆ ಹತ್ತನೆಯದು. ಐ7-4770 ಬಂದದ್ದು 2013ರಲ್ಲಿ, ಅದರಲ್ಲಿ ನಾಲ್ಕು ಕೋರ್. ಐ5-8500 ಬಂದದ್ದು 2018ರಲ್ಲಿ, ಅದರಲ್ಲಿ ಆರು ಕೋರ್. ಅದಕ್ಕಿಂತ ದೊಡ್ಡ ವ್ಯತ್ಯಾಸ ವಿಂಡೋಸ್ 11ರದ್ದು. ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಿಂದ ಈಚಿನದಕ್ಕೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದರೆ, ಮೈಕ್ರೋಸಾಫ್ಟ್ ಒಪ್ಪಿಗೆ ಇದೆ. ಅದಕ್ಕಿಂತ ಹಳೆಯವುಗಳಲ್ಲಿ ಕೆಲವೇ ಕೆಲವನ್ನು ಬಿಟ್ಟರೆ ಯಾವುದಕ್ಕೂ ಇಲ್ಲ.

ಆ ದಿನ ಇದು ಅಷ್ಟು ದೊಡ್ಡ ವಿಷಯ ಎಂದು ನನಗೂ ಅನಿಸಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಾಗ ಅರ್ಥವಾಯಿತು. ನಮ್ಮದು ಅದಕ್ಕೆ ಒಂದು ತಿಂಗಳು ಮೊದಲೇ ಒಂದು ಪೈಸೆ ಖರ್ಚಿಲ್ಲದೆ 11ಕ್ಕೆ ಬದಲಾಯಿತು. ಪಕ್ಕದ ಮನೆಯವರು ನಾವು ಕೊಂಡ ವರ್ಷವೇ ಇನ್ನೊಂದು ಕಡೆಯಿಂದ ನಾಲ್ಕನೇ ಪೀಳಿಗೆಯ ಐ7 ತಂದಿದ್ದರು. ಅದರಲ್ಲಿ 11 ಕೂರಲಿಲ್ಲ. ಕೊನೆಗೆ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ ಹಾಕಿಸಿದರು, ಅವರ ಹುಡುಗ ಅದರಲ್ಲೇ ಚೆನ್ನಾಗಿ ಕೆಲಸ ಮಾಡುತ್ತಿದ್ದಾನೆ. ಆದರೆ ಮಷೀನ್ ತರುವಾಗಲೇ ತಿಳಿದು ಮಾಡುವುದು ಬೇರೆ, ದಾರಿ ಮುಚ್ಚಿದ ಮೇಲೆ ಮಾಡುವುದು ಬೇರೆ.

ಕೊಳ್ಳುವಾಗ ತಮ್ಮ ಹೇಳಿಕೊಟ್ಟ ಮೂರು ಪರೀಕ್ಷೆ ಮಾಡಿದೆ. ಹಿಂಬದಿಯ ಸರ್ವಿಸ್ ಟ್ಯಾಗ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಅದು ಯಾವಾಗ ಹೊರಬಿದ್ದದ್ದು, ಒಳಗೆ ಏನೇನು ಇತ್ತು ಎಂದು ಬರುತ್ತದೆ. ಆನ್ ಮಾಡುವಾಗ ಎಫ್2 ಒತ್ತಿ ಬಯೋಸ್ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ ಪರದೆ) ತೆರೆಯುತ್ತದೆಯೇ ನೋಡಿದೆ. ಹಳೆಯ ಕಂಪನಿ ಪಾಸ್‌ವರ್ಡ್ ಹಾಕಿ ಬಿಟ್ಟಿದ್ದರೆ ಮುಂದೆ ಪೆನ್‌ಡ್ರೈವ್‌ನಿಂದ ವಿಂಡೋಸ್ ಹಾಕಲೂ ಕಷ್ಟ. ವಿಂಡೋಸ್ ಅಸಲಿ ಲೈಸೆನ್ಸಿನದೇ ಎಂದು ಸೆಟ್ಟಿಂಗ್ಸ್‌ನಲ್ಲಿ ತೆರೆಸಿ ನೋಡಿದೆ. ಮೂರೂ ಸರಿ ಇದ್ದವು.

ನೋಡದೆ ಬಿಟ್ಟದ್ದು ಎಸ್‌ಎಸ್‌ಡಿ. ಮೂಲದಲ್ಲಿ ಇದ್ದ ಹಾರ್ಡ್‌ಡಿಸ್ಕ್ ತೆಗೆದು “ಹೊಸ ಎಸ್‌ಎಸ್‌ಡಿ ಹಾಕಿ ಕೊಡ್ತೇವೆ” ಎಂದರು. ಹೊಸದು ಎಂಬ ಒಂದು ಮಾತಿಗೆ ನಾನು ಸಮಾಧಾನಪಟ್ಟೆ. ಯಾವ ಕಂಪನಿಯದು ಎಂದು ಕೇಳಲಿಲ್ಲ.

ಮೊದಲ ವರ್ಷ ಮನೆಯೇ ಬದಲಾಯಿತು ಎನ್ನಬೇಕು. ಆನ್ ಮಾಡಿ ಇಪ್ಪತ್ತು ಸೆಕೆಂಡಿಗೆಲ್ಲ ಕೆಲಸಕ್ಕೆ ಸಿದ್ಧ. ಪ್ರೋಗ್ರಾಮಿಂಗಿನಲ್ಲಿ ಮಗಳು ಸ್ಕ್ರಾಚ್‌ನಿಂದ ಪೈಥಾನ್‌ಗೆ ಬಂದಳು. ಜಿಯೋಜಿಬ್ರಾ ಎಂಬ ಗಣಿತದ ಸಾಫ್ಟ್‌ವೇರಿನಲ್ಲಿ ವೃತ್ತದ ಸ್ಪರ್ಶಕ ಎಳೆದು ತೋರಿಸಿದಾಗ ಅವಳ ಮುಖ ಅರಳಿದ್ದು ನೋಡಿ, ಮರುದಿನವೇ ಅದನ್ನು ನನ್ನ ತರಗತಿಗೆ ತೆಗೆದುಕೊಂಡು ಹೋದೆ. ಜಿಲ್ಲಾಧಿಕಾರಿಯವರು ಮಳೆರಜೆ ಕೊಟ್ಟ ದಿನಗಳಲ್ಲಿ ಮಕ್ಕಳಿಬ್ಬರಿಗೂ ಗಂಟೆ ಹಂಚಿ ಕೊಡಬೇಕಾಗುತ್ತಿತ್ತು. ಪ್ರೊಸೆಸರಿನೊಳಗಿನ ಯುಎಚ್‌ಡಿ 630 ಗ್ರಾಫಿಕ್ಸ್‌ಗೆ ವಿಡಿಯೋ ಎಷ್ಟು ಬೇಕಾದರೂ ಆಗುತ್ತದೆ. ದೊಡ್ಡ ಆಟಗಳು ಓಡುವುದಿಲ್ಲ, ನನಗೆ ಬೇಕಾಗಿಯೂ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬಳಸಿದ್ದು ನನ್ನ ಮಾವ. ಅವರ ತಂದೆ ತಾಳಮದ್ದಳೆಯ ಅರ್ಥಧಾರಿ. ಪ್ರಸಂಗಗಳಿಗೆ ಕೈಯಲ್ಲೇ ಬರೆದಿಟ್ಟುಕೊಂಡ ಟಿಪ್ಪಣಿಗಳ ನಾಲ್ಕು ಪುಸ್ತಕ ಮನೆಯಲ್ಲಿದ್ದವು. ಅಂಚು ಹುಳ ತಿಂದು, ಮುಟ್ಟಿದರೆ ಪುಡಿಯಾಗುವ ಹಾಗೆ. ಮಾವನಿಗೆ ಎಪ್ಪತ್ತೆರಡು. ಕನ್ನಡ ಟೈಪ್ ಮಾಡುವ ನುಡಿ ಸಾಫ್ಟ್‌ವೇರ್ ಹಾಕಿಕೊಟ್ಟು ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಕಲಿಸಿದೆ. ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ, ಒತ್ತಕ್ಷರಕ್ಕೆ ನಡುವೆ ಎಫ್. ಇದನ್ನು ರೂಪಿಸಿದ ರಾಯರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು ಎಂದು ಹೇಳಿದ ಮೇಲಂತೂ ಮಾವನ ಹುರುಪು ಇಮ್ಮಡಿಯಾಯಿತು. ಹದಿನೈದು ದಿನಕ್ಕೆ ನೋಡದೆ ಟೈಪ್ ಮಾಡತೊಡಗಿದರು. ಬೆಳಿಗ್ಗೆ ಚಹಾ ಆದ ಮೇಲೆ ದಿನಕ್ಕೆ ಒಂದು ಪುಟ, ಹೆಚ್ಚೆಂದರೆ ಎರಡು.

2024ರ ಜುಲೈಯಲ್ಲಿ ಒಂದು ಬೆಳಿಗ್ಗೆ ಆನ್ ಮಾಡಿದರೆ ಬೂಟ್ ಡಿವೈಸ್ ಸಿಗುತ್ತಿಲ್ಲ ಎಂಬ ಒಂದು ಸಾಲು, ಅಷ್ಟೇ. ಹಿಂದಿನ ರಾತ್ರಿವರೆಗೆ ಏನೂ ಸೂಚನೆ ಇರಲಿಲ್ಲ. ಹಾರ್ಡ್‌ಡಿಸ್ಕ್ ಆದರೆ ಎಷ್ಟೋ ಸಲ ಮೊದಲೇ ಶಬ್ದ ಮಾಡುತ್ತದೆ, ನಿಧಾನವಾಗುತ್ತದೆ. ಎಸ್‌ಎಸ್‌ಡಿ ಹೀಗೆ ಒಂದೇ ಏಟಿಗೆ ಹೋಗುವುದುಂಟು, ಹೋದರೆ ಒಳಗಿನದನ್ನು ತೆಗೆಯುವುದು ಬಹಳ ಕಷ್ಟ ಮತ್ತು ದುಬಾರಿ. ಕಲ್ಸಂಕದ ಹತ್ತಿರ ರಿಪೇರಿ ಮಾಡುವ ಹುಡುಗನಲ್ಲಿಗೆ ಒಯ್ದೆವು. ಅವನು ಬೇರೆ ಮಷೀನಿಗೆ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದ. “ಟೀಚರ್, ಮಷೀನಿಗೆ ಎಂತದೂ ಆಗ್ಲಿಲ್ಲ. ಇವರು ಹಾಕಿದ ಎಸ್‌ಎಸ್‌ಡಿ ಸತ್ತಿದೆ. ಈ ಹೆಸರು ನಾನು ಕೇಳಿದ್ದೇ ಇಲ್ಲ” ಎಂದ.

ಅಂಗಡಿಯ ವಾರಂಟಿ ಒಂದು ವರ್ಷ, ನಮಗೆ ಹದಿನಾಲ್ಕು ತಿಂಗಳಾಗಿತ್ತು. ಫೋನ್ ಮಾಡಿದರೆ “ಅವಧಿ ಮುಗಿದಿದೆ” ಎಂಬ ಉತ್ತರ. ಕಾಗದದ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಅಷ್ಟು ಅಗ್ಗದ ವಸ್ತುವನ್ನು ಅಷ್ಟು ಒಳ್ಳೆಯ ಮಷೀನಿನೊಳಗೆ ಇಟ್ಟದ್ದು ಸರಿಯಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ನನ್ನ ಪ್ರಶ್ನೆಪತ್ರಿಕೆಗಳು ಇಮೇಲ್‌ನಲ್ಲಿದ್ದವು. ಮಾವನ ನೂರಹನ್ನೆರಡು ಪುಟಗಳಲ್ಲಿ ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಮೊದಲ ನಲವತ್ತು ಮಾತ್ರ. ಹೇಳುವುದು ಹೇಗೆ ಎಂದು ನಾನು ಬಸ್ಸಿನಲ್ಲಿ ಬರುವಾಗ ಇಡೀ ದಾರಿ ಯೋಚಿಸಿದೆ. ಅವರು ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಪುಸ್ತಕ ಉಂಟಲ್ಲ ಮಗಾ” ಎಂದು ಎದ್ದು ಹೋದರು. ಎಪ್ಪತ್ತೆರಡು ಪುಟ ಮತ್ತೆ ಟೈಪ್ ಮಾಡಿದರು. ನಡುವೆ ಎರಡನೇ ಪುಸ್ತಕದ ಹಾಳೆಗಳು ಇನ್ನಷ್ಟು ಉದುರಿದ್ದವು, ನಾಲ್ಕು ಕಡೆ ಮೊದಲ ಸಲ ಓದಿದ ಸಾಲು ಎರಡನೇ ಸಲ ಓದಲು ಸಿಗಲಿಲ್ಲ. ಆ ನಾಲ್ಕು ಜಾಗ ಖಾಲಿ ಬಿಟ್ಟಿದ್ದಾರೆ.

ಹೆಸರಿರುವ ಕಂಪನಿಯ 500 ಜಿಬಿ ಎಸ್‌ಎಸ್‌ಡಿ 3,200 ರೂಪಾಯಿಗೆ ಸಿಕ್ಕಿತು, ಐದು ವರ್ಷದ ವಾರಂಟಿ. ಅದೇ ದಿನ ಇನ್ನೊಂದು 8 ಜಿಬಿ ರ‍್ಯಾಮ್ ಕೂಡ ಹಾಕಿಸಿದೆ. ಅದು ಒಳ್ಳೆಯ ಹೊತ್ತು; ಕಳೆದ ವರ್ಷದ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಈಗ ಕೊಳ್ಳುವವರು 16 ಜಿಬಿ ಇರುವ ಮಷೀನನ್ನೇ ಹುಡುಕಿ. ಪ್ರತಿ ಶನಿವಾರ ಮಗಳು ಎಲ್ಲವನ್ನೂ ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡುತ್ತಾಳೆ, ಮಾವನ ಫೈಲು ಗೂಗಲ್ ಡ್ರೈವ್‌ಗೂ ಹೋಗುತ್ತದೆ.

ನಮ್ಮ ಕರಾವಳಿಯಲ್ಲಿ ಇರುವವರಿಗೆ ಮಳೆಗಾಲದ ಮಾತು ಹೇಳಲೇಬೇಕು. ಮೊದಲ ವರ್ಷ ಆಗಸ್ಟಿನಲ್ಲಿ ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೋಗಿ ಬಂದು ಸ್ವಿಚ್ ಹಾಕಿದರೆ ಪರದೆ ಕಪ್ಪು, ಪವರ್ ದೀಪ ಹಳದಿ ಮಿನುಗುತ್ತಿತ್ತು. ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲನೆ ಉಜ್ಜಿ, ಒರೆಸಿ ಮತ್ತೆ ಕೂರಿಸಿದ ಮೇಲೆ ಸರಿಯಾಯಿತು. ಸಮುದ್ರದ ಗಾಳಿಯ ಉಪ್ಪು, ಥಂಡಿ ಎರಡೂ ಸೇರಿ ಮಾಡಿದ ಕೆಲಸ. ಮಾನಿಟರ್ ಕೇಬಲ್ಲಿನ ಪಿನ್ನುಗಳಲ್ಲೂ ಹಸಿರು ಕಿಲುಬು ಬಂದಿತ್ತು. ಆಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಒಂದು ಗಂಟೆಯಾದರೂ ಓಡಿಸುತ್ತೇವೆ. ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕವರ್ ಮುಚ್ಚುವುದನ್ನು ಬಿಟ್ಟೆವು, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ. ಸಿಪಿಯು ನೆಲದಲ್ಲಿ ಇಡುವುದಿಲ್ಲ, ಗೋಡೆಗೂ ತಾಗಿಸುವುದಿಲ್ಲ. ಎರಡನೇ ಮತ್ತು ಮೂರನೇ ಮಳೆಗಾಲದಲ್ಲಿ ಆ ತೊಂದರೆ ಬರಲಿಲ್ಲ.

ಇನ್ನೊಂದು ವಿಷಯ ನಿರ್ಲಕ್ಷಿಸಬೇಡಿ. ನಮ್ಮದು ಹಳೆಯ ಹಂಚಿನ ಮನೆ. ಸಿಪಿಯುವಿನ ಲೋಹದ ಭಾಗ ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ಮಷೀನ್ ಕೆಟ್ಟಿದೆ ಎಂದುಕೊಂಡಿದ್ದೆವು. ಎಲೆಕ್ಟ್ರೀಷಿಯನ್ ಬಂದು ಪ್ಲಗ್ ಪಾಯಿಂಟ್ ಬಿಚ್ಚಿದರೆ ಅದರಲ್ಲಿ ಅರ್ಥ್ ವಯರೇ ಇರಲಿಲ್ಲ. ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಕ್ಯಾಬಿನೆಟ್ಟಿಗೆ ಸಣ್ಣ ಪ್ರಮಾಣದಲ್ಲಿ ಕರೆಂಟ್ ಸೋರುವುದು ಸಹಜ, ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಮಕ್ಕಳು ಬರಿಗಾಲಲ್ಲಿ ಕೂತು ಮುಟ್ಟುವ ವಸ್ತು. ಅರ್ಥಿಂಗ್ ಮಾಡಿಸಿದ ಖರ್ಚನ್ನು ನಾನು ಕಂಪ್ಯೂಟರಿನ ಬೆಲೆಯಲ್ಲೇ ಸೇರಿಸುತ್ತೇನೆ.

ಏಪ್ರಿಲ್, ಮೇ ಸಂಜೆಗಳಲ್ಲಿ, ಅಕ್ಟೋಬರಿನಲ್ಲಿ ಗುಡುಗು ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡುವುದು ಮಗನ ಕೆಲಸ. ಇಂಟರ್ನೆಟ್ಟಿನ ಫೈಬರ್ ಗಾಜಿನದು, ಅದರಲ್ಲಿ ಕರೆಂಟ್ ಬರುವುದಿಲ್ಲ. ಆದರೆ ಆ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದಲ್ಲ, ಅದನ್ನೂ ತೆಗೆಯಬೇಕು. ಯುಪಿಎಸ್ ಇದ್ದರೂ ಸಿಡಿಲಿಗೆ ಅದನ್ನು ನಂಬಬೇಡಿ. ಕರೆಂಟ್ ಹೋದಾಗ ಇಪ್ಪತ್ತು ನಿಮಿಷ ಸಿಗುತ್ತದೆ, ಬರೆದದ್ದನ್ನು ಸೇವ್ ಮಾಡಲು ಅದು ಧಾರಾಳ. ಎರಡು ವರ್ಷಕ್ಕೆ ಅದರ ಬ್ಯಾಟರಿ ಸೋತಿತು, ಹೊಸದಕ್ಕೆ ಸಾವಿರ ರೂಪಾಯಿ.

ಕರೆಂಟ್ ಬಿಲ್ಲಿನ ಬಗ್ಗೆ ತುಂಬ ಜನ ಕೇಳುತ್ತಾರೆ. ಸಾಮಾನ್ಯ ಕೆಲಸದಲ್ಲಿ ಮಾನಿಟರ್ ಸೇರಿ ನಮ್ಮ ಮೀಟರಿನಲ್ಲಿ ಸುಮಾರು 45 ವ್ಯಾಟ್ ತೋರಿಸಿತು. ದಿನಕ್ಕೆ ನಾಲ್ಕು ಗಂಟೆ ಬಳಸಿದರೆ ತಿಂಗಳಿಗೆ ಐದೂವರೆ ಯೂನಿಟ್ ಹತ್ತಿರ.

ಅನಾನುಕೂಲ ಎಂದರೆ, ಇಂಥ ಚಿಕ್ಕ ಕ್ಯಾಬಿನೆಟ್ಟುಗಳ ಪವರ್ ಸಪ್ಲೈ ಸಾಮಾನ್ಯ ಅಳತೆಯದಲ್ಲ, ಹೋದರೆ ಅದೇ ಮಾದರಿಯದು ಹುಡುಕಬೇಕು. ಸೇರಿಸುವ ಕಾರ್ಡುಗಳೂ ಅರ್ಧ ಎತ್ತರದವೇ ಆಗಬೇಕು. ಜಾಗ ಇರುವವರು ದೊಡ್ಡ ಟವರ್ ಮಾದರಿ ಸಿಕ್ಕರೆ ಅದನ್ನು ನೋಡಿ. ಅಂಗಡಿ ಕೊಟ್ಟ ಕೀಬೋರ್ಡ್ ಎಂಟೇ ತಿಂಗಳಿಗೆ ಹೋಯಿತು, ಅದೂ ಹೊಸದಾಗಿ ಸೇರಿಸಿದ್ದೇ. ಕಂಪನಿಯಿಂದ ಬಂದ ಮದರ್‌ಬೋರ್ಡ್, ಪ್ರೊಸೆಸರ್, ಪವರ್ ಸಪ್ಲೈ, ಫ್ಯಾನ್ ಇವುಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ಕೈ ಹಾಕಬೇಕಾಗಿ ಬಂದಿಲ್ಲ. ಸಮಯ ತಪ್ಪಾಗಿ ತೋರಿಸಿದಾಗ ಒಂದು ಸಲ ಮದರ್‌ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಬದಲಾಯಿಸಿದ್ದು ಬಿಟ್ಟರೆ.

ಈಗ ನಮ್ಮ ಶಾಲೆಯ ಲ್ಯಾಬಿಗೆ ಹಳೆ ವಿದ್ಯಾರ್ಥಿಗಳು ಹಣ ಕೂಡಿಸಿ ನಾಲ್ಕು ಮಷೀನ್ ಕೊಡಿಸುತ್ತಿದ್ದಾರೆ. ಕಳೆದ ವಾರ ಅವರ ಜೊತೆ ನಾನೂ ಮಂಗಳೂರಿಗೆ ಹೋಗಿದ್ದೆ. ಎಂಟನೇ ಪೀಳಿಗೆಯದು, 16 ಜಿಬಿ, ಬಯೋಸ್ ತೆರೆದು ನೋಡಿದ ಮೇಲೆ ಅಂಗಡಿಯವರಿಗೆ ಹೇಳಿದೆ: “ನಿಮ್ಮ ಎಸ್‌ಎಸ್‌ಡಿ, ಕೀಬೋರ್ಡ್ ಎರಡೂ ಬೇಡ. ಅವನ್ನು ತೆಗೆದು ರೇಟ್ ಹೇಳಿ, ನಾವೇ ತಂದು ಹಾಕ್ತೇವೆ.” ಒಂದೊಂದಕ್ಕೆ 1,200 ರೂಪಾಯಿ ಕಡಿಮೆ ಮಾಡಿದರು. ಸೋಮವಾರ ನಾಲ್ಕೂ ಶಾಲೆಗೆ ಬರುತ್ತವೆ. ಲ್ಯಾಬಿನ ಪ್ಲಗ್ ಪಾಯಿಂಟುಗಳ ಅರ್ಥಿಂಗ್ ಅದಕ್ಕೆ ಮೊದಲು ನೋಡಿಸಬೇಕು, ಎಲೆಕ್ಟ್ರೀಷಿಯನ್ ಶನಿವಾರ ಬರುತ್ತೇನೆ ಎಂದಿದ್ದಾರೆ.