ಹಕೊನೆಯ ರೂಮಿನ ತೊಟ್ಟಿ, ಕುರೊಕಾವಾದ ಕಶಿಕಿರಿ: ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಯಾವುದು ಸರಿ?

ಜಪಾನಿಗೆ ಬರುವ ನಮ್ಮವರಿಗೆಲ್ಲ ಒನ್ಸೆನ್, ಅಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಆಸೆ ಇದ್ದೇ ಇರುತ್ತದೆ. ಜೊತೆಗೆ ಒಂದು ಅಳುಕೂ ಇರುತ್ತದೆ. ಎಲ್ಲರೂ ಸೇರಿ ಮೀಯುವ ಸಾಮಾನ್ಯ ತೊಟ್ಟಿಗೆ ಇಳಿಯುವಾಗ ಮೈಮೇಲೆ ಒಂದು ನೂಲೂ ಇರಬಾರದು. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ ಜಾಗ ಇದ್ದರೂ ಗುರುತಿಲ್ಲದವರ ನಡುವೆ ಹಾಗೆ ನಿಲ್ಲುವುದು ನಮ್ಮಲ್ಲಿ ಬೆಳೆದವರಿಗೆ ಸುಲಭವಲ್ಲ. "ನನ್ನ ಕೈಲಾಗಲ್ಲ ಕಣೆ, ನೀವೆಲ್ಲ ಹೋಗಿ ಬನ್ನಿ, ನಾನು ರೂಮಲ್ಲೇ ಇರ್ತೀನಿ" ಅಂತ ಅಮ್ಮ ಊರಿಂದ ಹೊರಡುವ ಮೊದಲೇ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಮಂಡಿನೋವಿಗೆ ಆ ನೀರು ಬೇಕಾಗಿದ್ದದ್ದೇ ಅವಳಿಗೆ!

ಇದಕ್ಕೆ ಎರಡು ದಾರಿ ಇವೆ. ಒಂದು, ತೊಟ್ಟಿ ನಮ್ಮ ರೂಮಿಗೇ ಸೇರಿಕೊಂಡಿರುವ ರ್ಯೊಕಾನ್, ಅಂದರೆ ಜಪಾನಿ ಪದ್ಧತಿಯ ವಸತಿಗೃಹ. ಇನ್ನೊಂದು ಕಶಿಕಿರಿ: ರ್ಯೊಕಾನ್‌ನಲ್ಲೇ ಪ್ರತ್ಯೇಕ ಸ್ನಾನದ ಕೋಣೆಗಳಿರುತ್ತವೆ, ಹೊತ್ತು ಗೊತ್ತು ಮಾಡಿಕೊಂಡು ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದು. ಮೊದಲನೆಯದಕ್ಕೆ ಟೋಕಿಯೊ ಹತ್ತಿರದ ಹಕೊನೆಗೆ, ಎರಡನೆಯದಕ್ಕೆ ಕ್ಯೂಶೂ ದ್ವೀಪದ ಕುರೊಕಾವಾಕ್ಕೆ ಹೋದೆವು. ಕಿನೊಸಾಕಿ, ಬೆಪ್ಪು ಎಂಬ ಒನ್ಸೆನ್ ಊರುಗಳನ್ನೂ ನೋಡಿದ್ದೇನೆ, ಅವುಗಳ ಮಾತು ಕೊನೆಗೆ.

ಹೋಗಿಬರುವ ಸುಲಭದಲ್ಲಿ ಹಕೊನೆಗೆ ಸಾಟಿಯಿಲ್ಲ. ಟೋಕಿಯೊದ ಶಿಂಜುಕುವಿನಿಂದ ರೊಮಾನ್ಸ್‌ಕಾರ್ ರೈಲು ಹತ್ತಿದರೆ ಒಂದೂವರೆ ಗಂಟೆಯೊಳಗೆ ಹಕೊನೆ-ಯುಮೊತೊ. ಅಲ್ಲಿಂದ ಗುಡ್ಡ ಹತ್ತುವ ಪುಟ್ಟ ರೈಲಿನಲ್ಲಿ ಗೋರಾ. ಕುರೊಕಾವಾ ಹಾಗಲ್ಲ. ವಿಮಾನದಲ್ಲೋ ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲೋ ಫುಕುಒಕಾ ತಲುಪಿ, ಮತ್ತೆ ಸುಮಾರು ಮೂರು ಗಂಟೆ ಬಸ್ಸಿನಲ್ಲಿ ಕೂರಬೇಕು. ಟೋಕಿಯೊ ಸುತ್ತಮುತ್ತಲಷ್ಟೇ ಓಡಾಡುವವರಿಗೆ ಚರ್ಚೆಯೇ ಬೇಡ, ಹಕೊನೆಯೇ ಆಗಬೇಕು.

ಹಕೊನೆಯಲ್ಲಿ ನಮ್ಮ ರೂಮಿನ ತತಾಮಿ ಚಾಪೆ ದಾಟಿ ಗಾಜಿನ ಬಾಗಿಲು ಸರಿಸಿದರೆ ಮರದ ಹಲಗೆಯ ಜಗಲಿ, ಅದರ ಮೇಲೆ ದುಂಡನೆಯ ಪಿಂಗಾಣಿ ತೊಟ್ಟಿ, ಎದುರಿಗೆ ಬಿದಿರು. ಒಬ್ಬರು ಆರಾಮಾಗಿ, ಇಬ್ಬರು ಒತ್ತಿಕೊಂಡು ಕೂರಬಹುದು. ಅಮ್ಮನಿಗೆ ಬೆಳಗಿನ ಜಾವ ಎದ್ದು ಸ್ನಾನ ಮುಗಿಸಿ ದೇವರಿಗೆ ಕೈಮುಗಿದ ಮೇಲೇ ಕಾಫಿ. ಕಶಿಕಿರಿ ಕೋಣೆಗಳು ಹಲವು ಕಡೆ ಆರೇಳು ಗಂಟೆಗೆ ಮುಂಚೆ ತೆರೆಯುವುದಿಲ್ಲ. ರೂಮಿನ ತೊಟ್ಟಿಗೆ ಆ ಕಟ್ಟಿಲ್ಲ. ನಾವೆಲ್ಲ ಇನ್ನೂ ಹಾಸಿಗೆಯಲ್ಲಿದ್ದಾಗಲೇ ಅವಳು ಸ್ನಾನ ಮುಗಿಸಿ, ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಟ್ಟು, ಸಣ್ಣಗೆ ಸ್ತೋತ್ರ ಹೇಳಿಕೊಳ್ಳುತ್ತ ಕೂತಿದ್ದಳು. ಮಗಳ ಎದುರೂ ಸಂಕೋಚಪಡುವ ಹೆಂಗಸಿಗೆ ಇದಕ್ಕಿಂತ ನೆಮ್ಮದಿಯ ಏರ್ಪಾಡು ಇಲ್ಲ. ಈ ಒಂದು ವಿಷಯದಲ್ಲಿ ಹಕೊನೆಗೆ ಪೂರ್ತಿ ಅಂಕ ಕೊಡುತ್ತೇನೆ.

ಕೊರತೆ ಇದ್ದದ್ದು ತೊಟ್ಟಿಯ ಅಂಚಿನಲ್ಲಿ. ಮಂಡಿಗಿಂತ ಎತ್ತರದ ಅಂಚು, ಹಿಡಿದುಕೊಳ್ಳಲು ಕಂಬಿ ಇಲ್ಲ. ಸಣ್ಣದೊಂದು ಸ್ಟೂಲ್ ತರಿಸಿಕೊಂಡು, ಪ್ರತಿ ಸಲವೂ ನಾನು ಅವಳ ಕೈಹಿಡಿದು ಇಳಿಸಿ ಬಾಗಿಲಾಚೆ ಬಂದು ನಿಲ್ಲುತ್ತಿದ್ದೆ. ಫೋಟೊದಲ್ಲಿ ಎಷ್ಟೇ ಚೆಂದ ಕಂಡರೂ ವಯಸ್ಸಾದವರಿಗೆ ಪಿಂಗಾಣಿ ತೊಟ್ಟಿ ಬೇಡ. ನೆಲಮಟ್ಟಕ್ಕೆ ಇಳಿಸಿ ಕಟ್ಟಿದ ಮರದ ತೊಟ್ಟಿಯೋ ಕಲ್ಲಿನ ತೊಟ್ಟಿಯೋ ಇರುವ ರೂಮನ್ನೇ ಕೇಳಿ.

ಇನ್ನು ನೀರು. ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆ. 1948ರ ಕಾನೂನಿನ ಪ್ರಕಾರ ಬುಗ್ಗೆಯಲ್ಲಿ 25 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಬಿಸಿ ಇರುವ, ಇಲ್ಲವೇ ಪಟ್ಟಿಯಲ್ಲಿರುವ 19 ಅಂಶಗಳಲ್ಲಿ ಒಂದಾದರೂ ಗೊತ್ತಾದ ಪ್ರಮಾಣದಲ್ಲಿರುವ ನೀರು ಒನ್ಸೆನ್ ಅನ್ನಿಸಿಕೊಳ್ಳುತ್ತದೆ. ಅದೇ ನೀರನ್ನು ಸೋಸಿ ಮತ್ತೆ ಮತ್ತೆ ತಿರುಗಿಸಿ ಬಳಸಬಹುದು, ಕಾಯಿಸಬಹುದು, ತಣ್ಣೀರು ಬೆರೆಸಬಹುದು. 2004ರಲ್ಲಿ ನಾಗಾನೊ ಪ್ರಾಂತ್ಯದ ಶಿರಾಹೊನೆಯಲ್ಲಿ ನೀರಿನ ಬಿಳಿ ಬಣ್ಣ ಉಳಿಸಲು ಪುಡಿ ಬೆರೆಸುತ್ತಿದ್ದದ್ದು ಬಯಲಾಗಿ ದೊಡ್ಡ ಗದ್ದಲವಾಯಿತು. 2005ರಿಂದ ಈ ಬೆರಕೆ, ಕಾಯಿಸುವಿಕೆ, ಮರುಬಳಕೆಗಳನ್ನೆಲ್ಲ ಸ್ನಾನದ ಜಾಗದಲ್ಲಿ ಬರೆದು ಹಾಕಲೇಬೇಕು. ಬಟ್ಟೆ ಬಿಚ್ಚುವ ಕೋಣೆಯ ಗೋಡೆಯಲ್ಲಿ ಚೌಕಟ್ಟು ಹಾಕಿದ ಕಾಗದ ಕಂಡರೆ ಮೊಬೈಲಿನ ಅನುವಾದ ಆ್ಯಪ್ ಹಿಡಿದು ಓದಿ. "ಗೆನ್ಸೆನ್ ಕಾಕೆನಾಗಾಶಿ" ಎಂದಿದ್ದರೆ ಬುಗ್ಗೆಯ ನೀರು ಸದಾ ಹರಿದು ಬಂದು, ತುಂಬಿ, ಹೊರಗೆ ಚೆಲ್ಲಿ ಹೋಗುತ್ತದೆ ಎಂದರ್ಥ. ಕೊಟ್ಟ ದುಡ್ಡಿಗೆ ಬೆಲೆ ಬರುವುದು ಅಲ್ಲೇ.

ರೂಮಿಗೆ ಸೇರಿದ ತೊಟ್ಟಿಗೆ ಬುಗ್ಗೆಯ ನೀರೇ ಬರುತ್ತದೆ ಎಂಬ ಖಾತ್ರಿ ಇಲ್ಲ. ಇದಕ್ಕೂ ಮೊದಲು ಬೇರೊಂದು ಊರಲ್ಲಿ ನಾವಿಬ್ಬರೇ ಉಳಿದ ರ್ಯೊಕಾನ್‌ನಲ್ಲಿ ರೂಮಿನ ತೊಟ್ಟಿಗೆ ಬರುತ್ತಿದ್ದದ್ದು ಕಾಯಿಸಿದ ನಲ್ಲಿನೀರು. ಬುಗ್ಗೆಯ ನೀರು ಕೆಳಗಿನ ಸಾಮಾನ್ಯ ತೊಟ್ಟಿಗೆ ಮಾತ್ರ. ಬುಕಿಂಗ್ ಪುಟದಲ್ಲಿ ಜಗಲಿಯ ಫೋಟೊ ಹತ್ತು ಇದ್ದವು, ನೀರಿನ ಬಗ್ಗೆ ಒಂದು ಸಾಲಿರಲಿಲ್ಲ. ಆ ದರಕ್ಕೆ ಅದು ಅನ್ಯಾಯ ಅಂತ ಈಗಲೂ ನನಗನ್ನಿಸುತ್ತದೆ. ಹಕೊನೆಯಲ್ಲಿ ಮೊದಲೇ ಮೇಲ್ ಬರೆದು ಕೇಳಿದ್ದರಿಂದ ಗೋರಾದ ಹಾಲುಬಣ್ಣದ ಗಂಧಕದ ನೀರು ಸಿಕ್ಕಿತು.

ಗಂಧಕದ ಮಾತು ಬಂತು, ಹೆಣ್ಣುಮಕ್ಕಳಿಗೆ ಒಂದು ಎಚ್ಚರಿಕೆ. ಬೆಳ್ಳಿ ಕಾಲುಂಗುರ, ಕಾಲ್ಗೆಜ್ಜೆ ಈ ನೀರಿಗೆ ಬಿದ್ದರೆ ಕಪ್ಪಾಗುತ್ತವೆ. ಅಮ್ಮ ಕಾಲುಂಗುರ ತೆಗೆಯಲು ಒಪ್ಪಲಿಲ್ಲ, ಎರಡನೇ ಸ್ನಾನಕ್ಕೇ ಅವು ಮಸಿ ಬಳಿದ ಹಾಗಾದವು. ಮನೆಗೆ ಬಂದು ಪಾತ್ರೆಗೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಅದ್ದಿಟ್ಟ ಮೇಲೆ ಬೆಳ್ಳಗಾದವು.

ಕುರೊಕಾವಾ ತಾನೊಹಾರು ಹೊಳೆಯ ಇಕ್ಕೆಲದಲ್ಲಿ, ಮರಗಳ ನಡುವೆ ಸುಮಾರು ಮೂವತ್ತು ರ್ಯೊಕಾನ್‌ಗಳಿರುವ ಹಳ್ಳಿ. ಕಣ್ಣು ಕುಕ್ಕುವ ಬೋರ್ಡುಗಳನ್ನು ಊರವರೇ ಸೇರಿ ತೆಗೆದುಹಾಕಿ, ಮರ ನೆಟ್ಟು, ಊರಿಗೆ ಊರೇ ಒಂದು ರ್ಯೊಕಾನ್ ಅನ್ನುವ ಹಾಗೆ ನಡೆಸುತ್ತಾರೆ. 1986ರಿಂದ ಮಾರುವ ಮರದ ಬಿಲ್ಲೆ, ನ್ಯೂತೊ ತೆಗಾತಾ, ಕೊಂಡರೆ ಬೇರೆ ಬೇರೆ ರ್ಯೊಕಾನ್‌ಗಳ ಮೂರು ತೊಟ್ಟಿಗಳಲ್ಲಿ ಮೀಯಬಹುದು. ಅವು ಸಾಮಾನ್ಯ ತೊಟ್ಟಿಗಳಾದ್ದರಿಂದ ಅಮ್ಮ ಅಪ್ಪನಿಗೆ ಬೇಕಾಗಲಿಲ್ಲ.

ನಮ್ಮ ರ್ಯೊಕಾನ್‌ನ ಕಶಿಕಿರಿ ಹೊಳೆಗೆ ಅಂಟಿಕೊಂಡ ಮರದ ಗೂಡು. ಬಾಗಿಲಿಗೆ ನೇತುಹಾಕಿದ ಹಲಗೆ ತಿರುಗಿಸಿಟ್ಟರೆ ಒಳಗೆ ಜನರಿದ್ದಾರೆಂದು ಗೊತ್ತಾಗುತ್ತದೆ. ಒಳಗೆ ಮೊದಲು ಬಟ್ಟೆ ಇಡುವ ಬುಟ್ಟಿ, ಆಮೇಲೆ ಕೂತು ಸೋಪು ಹಚ್ಚಿ ಮೈ ತೊಳೆದುಕೊಳ್ಳುವ ಜಾಗ, ಅದರಾಚೆ ನೆಲಮಟ್ಟದ ಕಲ್ಲಿನ ತೊಟ್ಟಿ, ಇಳಿಯಲು ಎರಡು ಮೆಟ್ಟಿಲು, ಪಕ್ಕದಲ್ಲಿ ಮರದ ಕಂಬಿ. ಬಿದಿರಿನ ದೋಣಿಯಿಂದ ನೀರು ಬೀಳುತ್ತಲೇ ಇತ್ತು, ತೊಟ್ಟಿಯ ಒಂದು ಮೂಲೆಯಿಂದ ಉಕ್ಕಿ ಹೊಳೆಗೆ ಹೋಗುತ್ತಲೇ ಇತ್ತು. ನೀರು ಬಿದ್ದಲ್ಲೆಲ್ಲ ಕಲ್ಲಿನ ಮೇಲೆ ಹಳದಿ ಪದರ ಕಟ್ಟಿತ್ತು. ಕಾಲು ನೀಡಿ ತೇಲುವಷ್ಟು ಜಾಗ. ಅಪ್ಪ ಅಮ್ಮ ಇಬ್ಬರನ್ನೇ ಕಳಿಸಿ ನಾವು ಹೊರಗೆ ಬೆಂಚಿನಲ್ಲಿ ಕೂತೆವು. ಐವತ್ತು ನಿಮಿಷ ಮುಗಿದಾಗ ಅಪ್ಪ ಬಾಗಿಲು ತೆರೆದು, "ಇಷ್ಟು ಬೇಗ ಟೈಮ್ ಆಗೋಯ್ತಾ? ಸಾಯಂಕಾಲಕ್ಕೂ ಒಂದು ಬರೆಸಿಡಮ್ಮ" ಅಂದರು. ಅಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲಿಳಿದು ಬಂದಳು.

ದರ ನೋಡಿ. ಎರಡು ಊಟ ಸೇರಿ ಹಕೊನೆಯಲ್ಲಿ ತಲೆಗೆ 45 ಸಾವಿರ ಯೆನ್ ಹತ್ತಿರ ಬಿತ್ತು, ಕುರೊಕಾವಾದಲ್ಲಿ ಅದರ ಅರ್ಧ. ಅಲ್ಲಿ ಉಳಿದುಕೊಂಡವರಿಗೆ ಕಶಿಕಿರಿಗೆ ಬೇರೆ ದುಡ್ಡೂ ಇರಲಿಲ್ಲ.

ಊಟದಲ್ಲಿ ಮಾತ್ರ ಹಕೊನೆ ಮುಂದೆ. ಸಾರಿನಿಂದ ಹಿಡಿದು ಬೇಯಿಸಿದ ಸೊಪ್ಪಿನವರೆಗೆ ಎಲ್ಲದಕ್ಕೂ ಒಣಮೀನಿನ ರಸ ಬೀಳುವ ಅಡುಗೆ ಇದು. "ವೆಜಿಟೇರಿಯನ್" ಅಂದರೆ ಸಾಲದು. ಕಾತ್ಸುಓ ದಾಶಿ, ಅಂದರೆ ಆ ಒಣಮೀನಿನ ರಸ, ಬೇಡ, ಕೊಂಬು ಕಡಲಕಳೆ ಮತ್ತು ಶೀತಾಕೆ ಅಣಬೆಯ ರಸ ಆದೀತು ಅಂತ ಬಿಡಿಸಿ ಬರೆಯಬೇಕು, ವಾರ ಮೊದಲೇ. ಹಕೊನೆಯವರು ಎಳ್ಳಿನ ತೋಫು, ಯುಬಾ (ಸೋಯಾ ಹಾಲಿನ ಕೆನೆ), ತರಕಾರಿ ತೆಂಪುರಾ ಅಂತ ಪೂರ್ತಿ ಬೇರೆ ಊಟವನ್ನೇ ಮಾಡಿಕೊಟ್ಟರು. ಕುರೊಕಾವಾ ಇರುವುದು ಕುದುರೆ ಮಾಂಸಕ್ಕೆ ಹೆಸರಾದ ಕುಮಾಮೊತೊ ಪ್ರಾಂತ್ಯದಲ್ಲಿ. ಅನ್ನ, ತೋಫು, ಅಣಬೆ, ಉಪ್ಪಿನಕಾಯಿಯಲ್ಲಿ ಮುಗಿಯಿತು. ನಾವು ಒಯ್ದಿದ್ದ ಚಟ್ನಿಪುಡಿ ಅಲ್ಲಿ ತುಂಬ ಉಪಕಾರಕ್ಕೆ ಬಂತು.

ಕಿನೊಸಾಕಿ ಕ್ಯೋತೊದಿಂದ ಎರಡೂವರೆ ಗಂಟೆ. ಆ ಊರಿನ ಸೊಗಸೇ ಯುಕಾತಾ ಉಟ್ಟು, ಮರದ ಗೆತಾ ಮೆಟ್ಟಿ ಒಂದು ಸಾರ್ವಜನಿಕ ಸ್ನಾನಗೃಹದಿಂದ ಇನ್ನೊಂದಕ್ಕೆ ನಡೆಯುವುದು. ಖಾಸಗಿ ತೊಟ್ಟಿಗೆಂದೇ ಅಲ್ಲಿಗೆ ಹೋಗುವುದು ದಂಡ. ಚಳಿಗಾಲದಲ್ಲಂತೂ ಊರ ತುಂಬ ಏಡಿಯ ಅಡುಗೆ. ಬೆಪ್ಪುವಿನ ಕಡೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಕುಟುಂಬದ ಸ್ನಾನಕೋಣೆಗಳಿವೆ. ಉಳಿದುಕೊಳ್ಳದೆ ರುಚಿ ನೋಡಲು ಅವು ಒಳ್ಳೆಯವು.

ಅಮ್ಮ ಅಪ್ಪ ನಡೆದಾಡುವ ಹಾಗಿದ್ದರೆ, ಕೈಯಲ್ಲಿ ಎರಡು ದಿನ ಹೆಚ್ಚಿಗೆ ಇದ್ದರೆ ಕುರೊಕಾವಾಕ್ಕೇ ಕರೆದೊಯ್ಯಿರಿ. ತೀರಾ ಸಂಕೋಚದವರು, ನಡೆಯಲಾಗದವರು, ಎಳೆಮಗು ಇರುವವರು ಹಕೊನೆಯ ರೂಮಿಗೆ ಖರ್ಚು ಮಾಡಿ, ನೀರು ಬುಗ್ಗೆಯದ್ದೇ ಎಂದು ಬರವಣಿಗೆಯಲ್ಲಿ ಕೇಳಿಕೊಂಡ ಮೇಲೆ. ರಕ್ತದೊತ್ತಡ ಇರುವವರು ಡಾಕ್ಟರನ್ನು ಕೇಳಿ, ಒಂದು ಸಲಕ್ಕೆ ಹತ್ತು ನಿಮಿಷ ಮೀರದಂತೆ ಕೂರಲಿ. ಕಶಿಕಿರಿಯ ಹೊತ್ತನ್ನು ಹಲವು ಕಡೆ ಚೆಕ್-ಇನ್ ಮಾಡುವಾಗಲೇ, ಮೊದಲು ಬಂದವರಿಗೆ ಮೊದಲು ಅನ್ನುವ ಹಾಗೆ ಬರೆದುಕೊಳ್ಳುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಿ, ಊಟಕ್ಕೆ ಮುಂಚಿನ ಐದು ಗಂಟೆಯ ಹೊತ್ತು ಹಿಡಿಯಿರಿ.