ಬೀಸುಕಲ್ಲು, ತೊಗಲು, ಬಾಳೆನಾರು: ಒಂದೇ ಪಡಸಾಲೆಗೆ ಮೂರು ದೀಪಗಳು

ಬಳ್ಳಾರಿಯ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ತಲೆಯ ಮೇಲಿಂದ ಬೆಳಕು ಬೀಳುವ ಅಲಂಕಾರಿಕ ದೀಪವೊಂದು ಬೇಕಿತ್ತು, ಆದರೆ ಛಾವಣಿಗೆ ಡ್ರಿಲ್ ಹಾಕಲು ಮಾಲೀಕರ ಒಪ್ಪಿಗೆ ಇರಲಿಲ್ಲ. ಇಂಥದೇ ತೊಡಕನ್ನು ಇಟಲಿಯ ವಿನ್ಯಾಸಕರಾದ ಕಾಸ್ಟಿಲಿಯೋನಿ ಸಹೋದರರು 1962ರಲ್ಲಿ ಬಿಡಿಸಿದ್ದರು. ತೂಗುದೀಪ ಛಾವಣಿಯಿಂದಲೇ ಇಳಿಯಬೇಕೆಂಬ ರೂಢಿಯನ್ನು ಬದಿಗೊತ್ತಿ, ನೆಲದ ಮೇಲಿಟ್ಟ ಅಮೃತಶಿಲೆಯ ಪೀಠದಿಂದ ಉಕ್ಕಿನ ಕಮಾನೊಂದನ್ನು ಮೇಜಿನ ಮೇಲಕ್ಕೆ ಬಾಗಿಸಿದ ಅವರ ‘ಆರ್ಕೋ’ ದೀಪದಲ್ಲಿ, ಆ ಪೀಠಕ್ಕೊಂದು ತೂತೂ ಇದೆ. ಅದರೊಳಗೆ ಕಸಬರಿಗೆಯ ಕೋಲು ತೂರಿಸಿ ಇಬ್ಬರು ಅದನ್ನು ಎತ್ತಿಡಬಹುದು.

ನಡುವೆ ತೂತಿರುವ ಭಾರದ ಕಲ್ಲು ನಮ್ಮ ಹಿತ್ತಲಲ್ಲಿಯೂ ಇತ್ತು. ಗೂಟ ಸವೆದುಹೋದ ಬೀಸುಕಲ್ಲಿನ ಎರಡೂ ಹೋಳುಗಳನ್ನು ಒಂದರ ಮೇಲೊಂದಿಟ್ಟು, ಮೇದಾರರು ಬೆಂಕಿಗೆ ಹಿಡಿದು ಬಾಗಿಸಿಕೊಟ್ಟ ಬಿದಿರನ್ನು ಆ ತೂತಿಗೆ ನಾಟಿ, ತುದಿಯಲ್ಲಿ ಹೋಲ್ಡರ್ ಕಟ್ಟಿದೆ. ಇದಕ್ಕೆ ಎದುರಾಳಿಗಳಾಗಿ ತಂದವು ಎರಡು: ತೊಗಲುಗೊಂಬೆಗೆ ಹೆಸರಾದ ಆಂಧ್ರದ ನಿಮ್ಮಲಕುಂಟದ ತೊಗಲಿನ ದೀಪ ಮತ್ತು ಆನೆಗುಂದಿ ಕಡೆಯ ಬಾಳೆನಾರು ಹೆಣೆದ ದೀಪದ ಬುರುಡೆ. ಹೋಲಿಕೆ ನ್ಯಾಯವಾಗಿರಲೆಂದು ಮೂರಕ್ಕೂ 9 ವ್ಯಾಟಿನ, 2700 ಕೆಲ್ವಿನ್‌ನ ಹಳದಿ ಎಲ್‌ಇಡಿ ಬಲ್ಬನ್ನೇ ಹಾಕಿದೆ.

ನಿಜವಾಗಿ ದಂಗುಬಡಿಸಿದ್ದು ತೊಗಲಿನ ದೀಪ. ತೊಗಲುಗೊಂಬೆಯಾಟದಲ್ಲಿ ದೀಪ ಗೊಂಬೆಯ ಹಿಂದೆ ಇರುತ್ತದೆ. ಇಲ್ಲಿ ಗೊಂಬೆಯೇ ದೀಪವನ್ನು ಸುತ್ತಿಕೊಂಡಿದೆ. ಹನುಮಂತನ ಕಿರೀಟಕ್ಕೆ ಉಳಿಯಿಂದ ಹೊಡೆದ ಸಣ್ಣ ತೂತುಗಳ ಮೂಲಕ ಬೆಳಕು ಚುಕ್ಕಿಗಳಾಗಿ ಹೊರಬೀಳುತ್ತದೆ, ಮೈಯ ಕೆಂಪು ಮತ್ತು ಹಸಿರು ಮಾತ್ರ ತೊಗಲಿನಲ್ಲಿಯೇ ಹೊಳೆಯುತ್ತವೆ. ಕಾದು ಕೆಂಪಾಗುವ 60 ವ್ಯಾಟಿನ ತಂತಿಯ ಬಲ್ಬಿನ ಹತ್ತಿರಕ್ಕೆ ತೊಗಲನ್ನು ಇಷ್ಟು ತರುವುದು ಅಪಾಯವಾಗಿತ್ತು. ಎಲ್‌ಇಡಿ ಬಂದು ಆ ಕಟ್ಟಳೆಯನ್ನು ಸಡಿಲಿಸಿದೆ. ಆದರೂ ಎಲ್‌ಇಡಿಯ ಬುಡ ಬಿಸಿಯಾಗುವುದರಿಂದ ಮೇಲ್ಗಡೆ ಗಾಳಿಯಾಡುವಂತೆ ತೆರೆದಿರಬೇಕು. ಒದ್ದೆ ಬಟ್ಟೆ ಸೋಕಿಸದೆ ಒಣ ಕುಂಚದಿಂದ ಧೂಳು ತೆಗೆಯಬೇಕು. ಇದರ ಬೆಳಕಿನಲ್ಲಿ ಪತ್ರಿಕೆ ಓದುವ ಆಸೆಯನ್ನು ಮಾತ್ರ ಬಿಡಬೇಕು.

ಬಾಳೆನಾರಿನದು ಹಗಲಿನಲ್ಲಿ ಚೆಂದ. ಜಪಾನಿ-ಅಮೆರಿಕನ್ ಶಿಲ್ಪಿ ಇಸಾಮು ನೊಗುಚಿ 1951ರಿಂದ ರೂಪಿಸಿದ ಅಕಾರಿ ದೀಪಗಳಲ್ಲಿ ಕಾಗದವು ಬೆಳಕನ್ನು ಸಮನಾಗಿ ಹರಡುತ್ತದೆ. ನಾರಿನ ಹೆಣಿಗೆಯಾದರೋ ಗೋಡೆಯ ತುಂಬ ಅಡ್ಡಾದಿಡ್ಡಿ ಗೆರೆ ಎಳೆಯುತ್ತದೆ. ಒಳಗೆ ತೆಳುವಾದ ಬಿಳಿ ಕಾಗದ ಸುತ್ತಿದ ಮೇಲೆ ಗೆರೆಗಳು ಮೆತ್ತಗಾದವು. ಆದರೆ ನಮ್ಮೂರಿನ ಕೆಂಧೂಳು ನಾರಿನ ಸಂದುಗಳಲ್ಲಿ ಕೂತರೆ ಜಾಡಿಸಿದರೂ ಹೋಗದು.

ಅಂದಕ್ಕೆ ತೊಗಲಿನ ದೀಪವೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಓಟು ಬೀಸುಕಲ್ಲಿಗೆ, ಏಕೆಂದರೆ ಮೂರರಲ್ಲಿ ಅದೊಂದೇ ಮನೆಯ ಅಡ್ಡಿಯೊಂದನ್ನು ನಿವಾರಿಸಿತು, ಕುರ್ಚಿಯ ಮೇಲೆ ಓದಲು ಸಾಲುವಷ್ಟು ಬೆಳಕನ್ನೂ ಕೊಟ್ಟಿತು. ಬಿದಿರಿನ ಬಾಗನ್ನು ಕಲ್ಲಿನ ಭಾರ ತಡೆಯುವುದು ಸುಮಾರು ನಾಲ್ಕು ಅಡಿಯವರೆಗೆ ಮಾತ್ರ. ಅದನ್ನು ಮೀರಿ ಚಾಚಿದರೆ ಇಡೀ ದೀಪ ಮುಂದಕ್ಕೆ ವಾಲುತ್ತದೆ. ಹಿಡಿದು ಎಳೆಯುವ ವಯಸ್ಸಿನ ಮಕ್ಕಳಿರುವ ಮನೆಯವರು ಅವರು ದೊಡ್ಡವರಾಗುವ ತನಕ ತೊಗಲಿನದನ್ನೇ ಗೂಡಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.