ಕ್ಯಾಲ್ಕ್ಯುಲಿಕ್ಸ್: 4 ವರ್ಷ ಬಳಸಿದ ಮೇಲೆ

ವಸ್ತುವನ್ನು ಎಲಿಮೆಂಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು, ಬಲ ಬಿದ್ದಾಗ ಅದು ಹೇಗೆ ಬಾಗುತ್ತದೆ ಅಂತ ಲೆಕ್ಕ ಹಾಕುವ ತಂತ್ರಾಂಶ (ಸಾಲ್ವರ್) ಇದು. ಬರೆದವರು ಗೀಡೊ ಧೋಂಟ್, ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್, ದುಡ್ಡು ಕೊಡಬೇಕಿಲ್ಲ. ಇನ್‌ಪುಟ್ ಫೈಲ್ ಬರೆಯುವ ರೀತಿ ಹೆಚ್ಚುಕಡಿಮೆ ಅಬಾಕಸ್ ಎಂಬ ಇದೇ ಕೆಲಸದ ವಾಣಿಜ್ಯ ತಂತ್ರಾಂಶದ್ದೇ. ಹಾಗಾಗಿ ಬೇಗ ಕೈಗೆ ಹತ್ತಿತು. ಆದರೆ ಇದನ್ನು ನಾನು ಬಿಡದೇ ಇರುವುದಕ್ಕೆ ಬೇರೆ ಕಾರಣ ಇದೆ. ನಾನ್‌ಲೀನಿಯರ್ ರನ್ (ಬಲಕ್ಕೂ ಬಾಗುವಿಕೆಗೂ ನೇರ ಅನುಪಾತ ಇಲ್ಲದ ಲೆಕ್ಕ) ಕನ್ವರ್ಜ್ ಆಗದೆ, ಅಂದರೆ ಉತ್ತರಕ್ಕೆ ಬಂದು ಸೇರದೆ ನಿಂತಾಗ, ಯಾಕೆ ನಿಂತಿತು ಅಂತ ಹುಡುಕಲು ಬೇಕಾದದ್ದನ್ನು ಇದು ಬರೆದಿಟ್ಟಿರುತ್ತದೆ.

ಮೊದಲ ವರ್ಷ ನನಗೆ ಅದು ಗೊತ್ತಿರಲಿಲ್ಲ. ರನ್ ನಿಂತರೆ ಇನ್‌ಕ್ರಿಮೆಂಟ್ (ಒಮ್ಮೆಗೆ ಏರಿಸುವ ಲೋಡಿನ ಪಾಲು) ಸಣ್ಣದು ಮಾಡುವುದು, ಮತ್ತೆ ಓಡಿಸುವುದು. ಬಹಳ ಸಲ ಸುಮ್ನೆ ರಾತ್ರಿಯೆಲ್ಲ ಕಂಪ್ಯೂಟರ್ ಓಡಿದ್ದಷ್ಟೇ ಬಂತು.

ಕಣ್ಣು ತೆರೆಸಿದ್ದು ಒಂದು ಪ್ಲಾಸ್ಟಿಕ್ ಕ್ಲಿಪ್. ಅದರ ಮೂತಿ ಅಂಚನ್ನು ದಾಟುವ ಹೊತ್ತಿಗೆ ಸರಿಯಾಗಿ 'ಟೂ ಮೆನಿ ಕಟ್‌ಬ್ಯಾಕ್ಸ್' (ಇನ್‌ಕ್ರಿಮೆಂಟ್ ಸಣ್ಣದು ಮಾಡಿದ್ದು ಮಿತಿ ಮೀರಿತು) ಎಂದು ನಿಲ್ಲುತ್ತಿತ್ತು. ಕೊನೆಗೆ ಸಾಲ್ವರ್ ಬರೆದಿಡುವ ಸಿವಿಜಿ (.cvg) ಫೈಲ್ ತೆರೆದೆ. ಒಂದೊಂದು ಇಟರೇಶನ್‌ಗೂ (ಉತ್ತರ ತಿದ್ದುವ ಪ್ರತಿ ಪ್ರಯತ್ನಕ್ಕೂ) ಒಂದೊಂದು ಸಾಲು. ಕಾಂಟ್ಯಾಕ್ಟ್ ಎಲಿಮೆಂಟ್‌ಗಳ (ಎರಡು ಭಾಗ ಮುಟ್ಟುವ ಜಾಗಗಳ) ಕಾಲಂನಲ್ಲಿ 212, 207, ಮತ್ತೆ 212, ಮತ್ತೆ 207. ರೆಸಿಡ್ಯುಯಲ್ ಫೋರ್ಸ್ (ಸರಿತೂಗದೆ ಉಳಿದ ಬಲ) 3% ಹತ್ತಿರವೇ ಅಂಟಿಕೊಂಡಿತ್ತು. ಡೀಫಾಲ್ಟ್ ಪ್ರಕಾರ ಅದು 0.5%ಗಿಂತ ಕೆಳಗೆ ಇಳಿಯಬೇಕು. ಐದು ಜಾಗ ಒಮ್ಮೆ ಮುಟ್ಟುತ್ತಿವೆ, ಒಮ್ಮೆ ಬಿಡುತ್ತಿವೆ. ಇನ್‌ಕ್ರಿಮೆಂಟ್ ಸಣ್ಣದು ಮಾಡಿದರೆ ಇದು ಹೇಗೆ ನಿಲ್ಲುತ್ತದೆ ಅಲ್ವಾ?

ಹೀಗೆ ನಿಂತಾಗ ಫಲಿತಾಂಶದ ಎಫ್‌ಆರ್‌ಡಿ (.frd) ಫೈಲ್‌ನಲ್ಲಿ ರೆಸಿಡ್ಯುಯಲ್‌ಗಳೂ ಉಳಿದಿರುತ್ತವೆ. ಬಣ್ಣ ಹಾಕಿ ನೋಡಿದರೆ ಎಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿದ್ದವು. ಅಲ್ಲಿನ ಫಿಲೆಟ್ (ದುಂಡಾಗಿಸಿದ ಮೂಲೆ) ಮೇಲೆ ಎರಡೇ ಎಲಿಮೆಂಟ್! ಅದನ್ನು ಆರು ಮಾಡಿದೆ. ಕಾಂಟ್ಯಾಕ್ಟ್ ಸ್ಟಿಫ್‌ನೆಸ್ (ಮುಟ್ಟುವ ಜಾಗದ ಬಿಗಿತ) ತೀರಾ ಜಾಸ್ತಿ ಕೊಟ್ಟಿದ್ದೆ, ಯಂಗ್ಸ್ ಮಾಡ್ಯುಲಸ್ (ವಸ್ತುವಿನ ಬಿಗಿತ) ಅಂಕಿಯ 10 ಪಟ್ಟಿಗೆ ಇಳಿಸಿದೆ (ಮ್ಯಾನುಯಲ್ 5ರಿಂದ 50 ಪಟ್ಟು ಅನ್ನುತ್ತದೆ). ಫೋರ್ಸ್ ಬದಲು ಡಿಸ್‌ಪ್ಲೇಸ್‌ಮೆಂಟ್ (ಎಷ್ಟು ದೂರ ಸರಿಯಬೇಕು ಅಂತ) ಕೊಟ್ಟು ತಳ್ಳಿದೆ. ಅಂಚು ದಾಟಿದ ಮೇಲೆ ಕ್ಲಿಪ್ ತಳ್ಳಲು ಕಡಿಮೆ ಬಲ ಸಾಕು. ನಾವು ಫೋರ್ಸ್ ಏರಿಸುತ್ತಲೇ ಹೋದರೆ ಅದಕ್ಕೆ ಸರಿತೂಗುವ ಸ್ಥಿತಿಯೇ ಸಿಗುವುದಿಲ್ಲ. ಈ ಸಲ ರನ್ ಕೊನೆತನಕ ಹೋಯಿತು.

ಮೊದಲ ಇನ್‌ಕ್ರಿಮೆಂಟ್‌ನಲ್ಲೇ ನಿಂತರೆ ನಾನು ನೋಡುವುದು ಒಂದನ್ನೇ: ಯಾವ ಭಾಗವನ್ನಾದರೂ ಬರೀ ಕಾಂಟ್ಯಾಕ್ಟ್ ಹಿಡಿದುಕೊಂಡಿದೆಯಾ? ಕೂದಲೆಳೆಯಷ್ಟು ಸಂದು ಇದ್ದರೂ ಆ ಭಾಗ ಹಾರಿಹೋಗುತ್ತದೆ. ಮೊದಲ ಸ್ಟೆಪ್‌ನಲ್ಲಿ ಸ್ವಲ್ಪ ಸರಿಸಿ ಮುಟ್ಟಿಸಿ, ಎರಡನೆಯದರಲ್ಲಿ ಲೋಡ್ ಹಾಕಿ.

ಟಾಲರೆನ್ಸ್ (ಮೇಲಿನ 0.5%ರಂಥ ಮಿತಿ) ಸಡಿಲಿಸುವ ಕಂಟ್ರೋಲ್ಸ್ ಕಾರ್ಡ್ (ಇನ್‌ಪುಟ್ ಫೈಲ್‌ನ ಒಂದು ಆದೇಶ) ಕೂಡ ಇದೆ. ದಯವಿಟ್ಟು ಅದಕ್ಕೆ ಮೊದಲೇ ಕೈಹಾಕಬೇಡಿ. ರನ್ ಮುಗಿಯುತ್ತದೆ, ಉತ್ತರ ನಂಬುವ ಹಾಗಿರುವುದಿಲ್ಲ.

ಕೊರತೆ ಅಂದರೆ ಎರರ್ ಸಂದೇಶಗಳು ತೀರಾ ಚುಟುಕು. ಸಿವಿಜಿ ಫೈಲ್ ಇದೆ ಅಂತ ಹೊಸಬರಿಗೆ ಅವು ಹೇಳುವುದಿಲ್ಲ. ನನಗೆ ಅದು ಕಣ್ಣಿಗೆ ಬೀಳಲು ಒಂದು ವರ್ಷ ಬೇಕಾಯಿತು.